ಅಳಿಲು ಕೂಗಿದಾಗ

ಜನವರಿ 21, 2024

ಬೆಳಿಗ್ಗೆ ಲಾಲ್‌ಬಾಗಿನ ಬಂಡೆ ಹತ್ತಿ ಕೆಂಪೇಗೌಡರ ಗೋಪುರದ ಬಳಿ ಕೂತೆ. ಚಳಿಗೆ ಹದ್ದುಗಳೆಲ್ಲ ಮರದ ತುದಿಯಲ್ಲೇ ಇದ್ದವು. ಬಿಸಿಲೇರಿ ಬಂಡೆ ಕಾದ ಮೇಲೆ ಒಂದೊಂದಾಗಿ ಬಂದವು. ಹುಲ್ಲುಹಾಸಿಗಿಂತ ಬರಿಬಂಡೆ ಬೇಗ ಕಾಯುತ್ತದೆ. ಅದರ ಮೇಲಿಂದ ಏಳುವ ಬಿಸಿಗಾಳಿ ಸಿಕ್ಕಿತೆಂದರೆ ರೆಕ್ಕೆ ಬಡಿಯುವ ಗೋಜೇ ಇಲ್ಲ, ಸುತ್ತು ಹಾಕುತ್ತಲೇ ಮೇಲೇರುತ್ತವೆ. ಬಾಲ ಕವಲೊಡೆದಿದ್ದರೆ ಹದ್ದು. ಬಾಲ ದುಂಡಗಿದ್ದು, ತಲೆ, ಎದೆ ಬಿಳಿಯಾಗಿ ಉಳಿದ ಮೈ ಕೆಂಗಂದಾಗಿದ್ದರೆ ಗರುಡ. ವಾಕಿಂಗಿಗೆ ಬಂದ ಅಜ್ಜಿಯೊಬ್ಬರು ಗರುಡ ಕಂಡೊಡನೆ ಚಪ್ಪಲಿ ಬಿಟ್ಟು ಕೈಮುಗಿದರು. ಹಿಂದೆಯೇ ಬಂದ ಹದ್ದಿಗೆ ಯಾರೂ ಮುಗಿಯಲಿಲ್ಲ. ಮಾಂಸದಂಗಡಿಗಳ ಹಿಂದೆ ಬಿದ್ದ ಚೂರುಪಾರು, ಸತ್ತ ಇಲಿ ಎಲ್ಲವನ್ನೂ ಎತ್ತುವುದು ಅದೇ. ನನ್ನ ನಮಸ್ಕಾರ ಅದಕ್ಕೆ.

ಫೆಬ್ರವರಿ 4

ಎದುರಿನ ಎತ್ತರದ ಅಪಾರ್ಟ್‌ಮೆಂಟಿನ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದು, ಒತ್ತೊತ್ತಾಗಿ ತಿರುಗತೊಡಗಿದವು. ಕತ್ತೆತ್ತಿದರೆ ನೀರಿನ ಟ್ಯಾಂಕಿನ ಅಂಚಿನಲ್ಲಿ ಪೆರೆಗ್ರಿನ್ ಫಾಲ್ಕನ್! ಕೆನ್ನೆಯ ಮೇಲಿನ ಕಪ್ಪು ಮೀಸೆ ಬರಿಗಣ್ಣಿಗೇ ಕಾಣುತ್ತಿತ್ತು. ಚಳಿಗಾಲ ಕಳೆಯಲು ಉತ್ತರದಿಂದ ಬಂದ ಅತಿಥಿಯಿರಬೇಕು. ಕಡಿದಾದ ಬಂಡೆಗಳಲ್ಲಿ ಬಾಳುವ ಹಕ್ಕಿಗೆ ನಮ್ಮ ಗಗನಚುಂಬಿಗಳೂ ಬಂಡೆಗಳೇ, ಪಾರಿವಾಳಕ್ಕಂತೂ ಬರವಿಲ್ಲ. ಮೇಲಿಂದ ಎರಗುವಾಗ ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗ. ಅದನ್ನು ನೋಡುವ ಭಾಗ್ಯ ಇವತ್ತಿರಲಿಲ್ಲ. ಕೂತಲ್ಲೇ ಪುಕ್ಕ ಕೆದರಿಕೊಂಡು ಕಣ್ಮುಚ್ಚಿತು.

ಮಾರ್ಚ್ 17

ಇವತ್ತಿನದನ್ನು ಬಿಡಿಸಿ ಬರೆಯಬೇಕು.

ಮಧ್ಯಾಹ್ನ ಅಡುಗೆಮನೆ ಕಿಟಕಿಯಾಚೆ ಅಳಿಲು ಒಂದೇ ಸಮನೆ ಕೂಗುತ್ತಿತ್ತು. ಬೆಕ್ಕು ಬಂದಿದ್ದರೆ ಅಳಿಲಿನ ದೃಷ್ಟಿ ಕೆಳಗಿರಬೇಕಿತ್ತು. ಇದು ಕೊಂಬೆಗೆ ಅಂಟಿಕೊಂಡು, ಬಾಲ ಅದುರಿಸುತ್ತ ಮೇಲೆ ನೋಡುತ್ತಿತ್ತು. ಗೊರವಂಕಗಳೂ ದನಿಗೂಡಿಸಿದವು. ಊರಿನಲ್ಲಿ ಬೇಟೆಹಕ್ಕಿ ನೋಡಬೇಕೆನ್ನುವವರಿಗೆ ನಾನು ಹೇಳುವುದು ಇದನ್ನೇ: ಬೈನಾಕ್ಯುಲರ್ ಆಮೇಲೆ ಕೊಳ್ಳಿ, ಮೊದಲು ಅಳಿಲಿನ ಮಾತು ಕೇಳಿ. ಹದ್ದು ತಾನಾಗಿ ಕಾಣುತ್ತದೆ. ಶಿಕ್ರಾ ಹಾಗಲ್ಲ, ಎಲೆಯ ಮರೆಯಲ್ಲಿ ಕೂರುವ ಹಕ್ಕಿ. ಸುತ್ತಲಿನ ಜೀವಗಳು ಚಾಡಿ ಹೇಳದಿದ್ದರೆ ತಲೆಯ ಮೇಲೇ ಇದ್ದರೂ ಗೊತ್ತಾಗುವುದಿಲ್ಲ.

ಮಳೆಮರದ ಒಳಕೊಂಬೆಯಲ್ಲಿ ಗಂಡು ಶಿಕ್ರಾ ಕೂತಿತ್ತು. ಪಾರಿವಾಳದಷ್ಟೇ ಗಾತ್ರ, ಬೂದು ಬೆನ್ನು, ಎದೆಯ ಮೇಲೆ ತೆಳುಗೆಂಪಿನ ಅಡ್ಡಗೆರೆಗಳು, ಬಿಳಿ ಗಂಟಲಿನ ನಡುವೆ ಸಣ್ಣದೊಂದು ನೆಟ್ಟನೆ ಗೆರೆ. ಕಣ್ಣು ಕಡುಗೆಂಪು. (ಚಾಣ ಕೋಗಿಲೆಯ ಬಣ್ಣವೂ ಹೀಗೇ ಇರುತ್ತದೆ, ಆದರೆ ಶಿಕ್ರಾದ ಕೊಕ್ಕಿಯಂಥ ಕೊಕ್ಕು ಅದಕ್ಕೆಲ್ಲಿ ಬರಬೇಕು?) ಹಳದಿ ಕಾಲಿನಡಿ ಓತಿಕ್ಯಾತವೊಂದು ಒದ್ದಾಡುತ್ತಿತ್ತು. ಗಂಡು ಎರಡು ಸ್ವರದಲ್ಲಿ ಕರೆಯಿತು. ಅದಕ್ಕಿಂತ ದಪ್ಪನೆಯ ಹೆಣ್ಣು ಎಲ್ಲಿಂದಲೋ ಬಂದು ಊಟ ಕಸಿದುಕೊಂಡು ಮೇಲಿನ ಕವಲಿಗೆ ಹಾರಿತು. ಅಲ್ಲಿ ಆಗಲೇ ಕಡ್ಡಿ ಪೇರಿಸಿ ಗೂಡಿನ ತಳ ಹಾಕಿಯಾಗಿದೆ.

ಮಾರ್ಚ್ 26

ಗೂಡಿರುವ ಮಳೆಮರದಲ್ಲಿ ತಂತಿಗೆ ತಾಗುವ ಕೊಂಬೆ ಕಡಿಯಲು ಕೆಲಸದವರು ಏಣಿ ಹಿಡಿದು ಬಂದರು. ಎದೆ ಧಸಕ್ಕೆಂದಿತು. ಓಡಿಹೋಗಿ ಮಚ್ಚು ಹಿಡಿದವರ ಕೈಗೇ ಬೈನಾಕ್ಯುಲರ್ ಕೊಟ್ಟೆ. ಬಹಳ ಹೊತ್ತು ನೋಡಿದರು. “ಬಾಲ ಹೊರಗೆ ಚಾಚಿಕೊಂಡಿದೆ, ಕಾವಿಗೆ ಕೂತಿದೆಯೇನೋ. ಆ ಕೊಂಬೆ ತಂತಿಗೆ ತಾಗಲ್ಲ, ಇರಲಿ ಬಿಡಿ ಮೇಡಂ,” ಅಂದರು. ಕೆಳಗಿನ ಎರಡು ಕೊಂಬೆ ಸವರಿ ಹೋದರು. ಅವರಿಗೆ ಒಳ್ಳೆಯದಾಗಲಿ.

ಏಪ್ರಿಲ್ 29

ತಿಂಗಳಿಡೀ ಒಂದು ಹನಿ ಮಳೆಯಿಲ್ಲ. ಗೂಡಿನಲ್ಲಿ ಬಿಳಿ ನವಿರಿನ ಮರಿಗಳು. ತಾಯಿ ಬಾಯಿ ತೆರೆದು ಏದುಸಿರು ಬಿಡುತ್ತ, ರೆಕ್ಕೆ ಅಗಲಿಸಿ ಅವಕ್ಕೆ ನೆರಳಾಗಿ ನಿಂತಿದೆ. ಕಾಗೆ ಹತ್ತಿರ ಸುಳಿದರೆ ಸಾಕು, ಗಂಡು ಮೇಲೆ ಬೀಳುತ್ತದೆ.

ಮೇ 24

ಮಳೆ ಬಂದ ಮೇಲೆ ಬೀದಿಗೆ ಜೀವ ಬಂದಿದೆ. ಮರಿಗಳು ಗೂಡು ಬಿಟ್ಟು ಕೊಂಬೆಯಿಂದ ಕೊಂಬೆಗೆ ಹಾರುತ್ತಿವೆ. ಎದೆಯ ಮೇಲೆ ಉದ್ದುದ್ದ ಕಂದು ಗೀರು, ಕಣ್ಣಿನ್ನೂ ಹಳದಿ. ದಿನವೆಲ್ಲ ಹಸಿವೆಯ ಕೂಗು.

ಜುಲೈ 14

ಆಷಾಢದ ಗಾಳಿ, ಆಕಾಶದ ತುಂಬ ಗಾಳಿಪಟ. ಸಂಜೆ ಮೈದಾನದಂಚಿನ ಸಿಲ್ವರ್ ಓಕ್ ಮರದಲ್ಲಿ ಹದ್ದೊಂದು ಮಾಂಜಾ ದಾರಕ್ಕೆ ಸಿಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ಮರ ಹತ್ತಬಲ್ಲ ಹುಡುಗನೊಬ್ಬ ದಾರ ಕತ್ತರಿಸಿ ಇಳಿಸಿದ. ರೆಕ್ಕೆಯ ಮುಂಭಾಗದ ಚರ್ಮ ಸೀಳಿ ಒಳಗಿನ ಸ್ನಾಯು ಕಾಣುತ್ತಿತ್ತು. ಟವೆಲ್ ಹೊದಿಸಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಾಗಿಟ್ಟು ವನ್ಯಜೀವಿ ರಕ್ಷಕರಿಗೆ ಫೋನ್ ಮಾಡಿದೆವು. ನೀರು ಕುಡಿಸಲು ಹೊರಟವರನ್ನು ತಡೆದೆ. ಬಾಯಿಗೆ ಸುರಿದ ನೀರು ಶ್ವಾಸನಾಳಕ್ಕೆ ಹೋದರೆ ಹಕ್ಕಿ ಉಳಿಯುವುದಿಲ್ಲ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಆದರೂ ಹದ್ದಿನ ರೆಕ್ಕೆಯಿಂದ ಬಿಡಿಸಿದ್ದು ಅದೇ ದಾರ. ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಬೀದಿಯ ಮರಗಳಲ್ಲೂ ದಾರ ತೂಗುತ್ತಿದೆ, ಶಿಕ್ರಾ ಮರಿಗಳು ಅಲ್ಲೇ ಬೇಟೆ ಕಲಿಯುತ್ತಿವೆ. ನಾಳೆ ದೋಟಿ ಕಟ್ಟಿ ಎಲ್ಲವನ್ನೂ ಇಳಿಸಬೇಕು. ಪಕ್ಕದ ಮನೆ ಹುಡುಗರು ಬೆಳಿಗ್ಗೆ ಏಳಕ್ಕೆ ಬರುತ್ತೇವೆಂದಿದ್ದಾರೆ.