ನಮ್ಮ ಪರದೇಶ ಸಂಚಾರ

ನೆರೆಮನೆಯ ತರುಣರೊಬ್ಬರು ಜಪಾನಿನಲ್ಲಿ ಎರಡು ವರ್ಷ ಇಂಗ್ಲಿಷು ಕಲಿಸಿ ಮರಳಿ ಬಂದಿರುವರು. ಅಲ್ಲಿಯ ಸ್ವಾರಸ್ಯಗಳನ್ನು ಬಣ್ಣಿಸುತ್ತ ಅವರು, “ಸರ, ನೀವೂ ಇಂಗ್ಲಿಷು ಕಲಿಸಿದವರು, ಪರದೇಶಕ್ಕ ಹೋಗಲೇ ಇಲ್ಲೇನ್ರಿ?” ಎಂದು ಕೇಳಿದರು. ಹೋಗದೆ ಏನು! ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ನಾವು ಕಲಿಸಿದೆವು. 1948ಕ್ಕೆ ಮೊದಲು ಗದಗ-ಮುಂಡರಗಿಗಳು ಮುಂಬಯಿ ಪ್ರಾಂತಕ್ಕೂ, ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ, ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಚಕ್ಕಡಿ ಹೂಡಿ ಹೊರಟ ನಮ್ಮ ಅಜ್ಜಂದಿರಿಗೆ ಒಂದೆರಡು ದಿನಗಳಲ್ಲಿಯೇ ಮೂರು ಸರಕಾರಗಳ ದರ್ಶನವಾಗುತ್ತಿತ್ತು. ಅಷ್ಟು ಪರದೇಶವು ನಮಗೆ ಸಾಕಾಯಿತು. ಈಗ ಎಲ್ಲವೂ ಒಂದೇ ಗದಗ ಜಿಲ್ಲೆ. ನಿವೃತ್ತರಾದ ಬಳಿಕ, ಕಳೆದ ಮಾಘಮಾಸದಲ್ಲಿ, ಆ ಹಾದಿಯನ್ನು ಬಸ್ಸಿನಲ್ಲಿ ಮತ್ತೊಮ್ಮೆ ಸುತ್ತಿ ಬಂದೆವು.

ಗದಗಿನಲ್ಲಿ ವೀರನಾರಾಯಣನ ದರ್ಶನ ಮಾಡಿ, ಕುಮಾರವ್ಯಾಸನ ಕಂಬಕ್ಕೆ ಕೈಮುಗಿದು, ವೀರೇಶ್ವರ ಪುಣ್ಯಾಶ್ರಮಕ್ಕೆ ನಡೆದೆವು. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914-2010), ತಾವು ಅಂಧರಾಗಿದ್ದು, ಅಂಧಬಾಲಕರಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದ ಸ್ಥಾನವಿದು. ನೌಕರಿಯ ಹೊಸದರಲ್ಲಿ ಇಲ್ಲಿ ಎಷ್ಟೋ ಸಂಜೆ ಕುಳಿತು ಕೇಳಿದ್ದೆವು. ಗುರುವು ಸ್ವರವೊಂದನ್ನು ಹಾಡುವನು. ಬಾಲಕನು ಅದನ್ನು ಮರಳಿಸುವನು. ತಪ್ಪಿದರೆ ಗುರುವು ಮತ್ತೆ ಹಾಡುವನು. ಹಲಗೆಯಿಲ್ಲ, ಕಾಗದವಿಲ್ಲ. ನಾವೋ, ಬರೆದುದನ್ನೆಲ್ಲ ಉಚ್ಚರಿಸುವ ಸಂಸ್ಕೃತಾಭ್ಯಾಸದವರು. ‘ನೈಫ್’ ಎಂಬ ಶಬ್ದದ ಮೊದಲಿಗೆ ‘ಕೆ’ ಅಕ್ಷರವೇಕೆಂದು ಬೆಟಗೇರಿಯ ನೇಕಾರರ ಹುಡುಗನೊಬ್ಬನು ಕೇಳಿದಾಗ, ಪಾಣಿನಿಯ ಲೋಪಸೂತ್ರವನ್ನು ನೆನೆದು ಬಾಯಿ ತೆರೆಯುವಷ್ಟರಲ್ಲಿ ಅವನೇ, “ಅದು ಪೆನ್ಶನ್ ತಗೊಂಡೈತ್ರಿ ಸರ, ಹೆಸರಿಗಷ್ಟ ಐತಿ” ಎಂದು ತೀರ್ಪಿತ್ತನು. ಈಗ ನಾವೂ ಪೆನ್ಶನ್ ಪಡೆದು ಕುಳಿತಿರುವುದರಿಂದ ಆ ‘ಕೆ’ಯ ಮೇಲೆ ಮರುಕ ಹುಟ್ಟುತ್ತದೆ.

ಆ ಮಕ್ಕಳದು ಇನ್ನೊಂದು ಹಟ. ಗುರುವಿಗೂ ಗೆಳೆಯನಿಗೂ ‘ಯು’ ಎಂಬ ಒಂದೇ ಶಬ್ದವು ಹೇಗೆ ಸಲ್ಲಬೇಕು? ಮರ್ಯಾದೆಗೆ ಕೊರತೆ ಬಾರದಂತೆ ಅವರು ‘ಯಸ್ ರೀ’, ‘ಕಮ್ ರೀ’ ಎನ್ನುವರು. ನಾವು ಕಣ್ಣು ಕೆಂಪಾಗಿಸಿದರೆ ‘ಸಾರಿ ರೀ’ ಎಂದರಲ್ಲದೆ ‘ರೀ’ಯನ್ನು ಬಿಡಲಿಲ್ಲ.

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಕನ್ನಡದ ತಿರುಳು ಯಾವ ಸೀಮೆಯಲ್ಲಿದೆಯೆಂದು ಹೇಳುವಾಗ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಈ ಊರನ್ನು ಹೆಸರಿಸಿದೆ. ಹತ್ತನೆಯ ಶತಮಾನದ ಪಂಪನು ತನ್ನ ಭಾರತವನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಹೇಳಿದೆನೆಂದು ಹೆಮ್ಮೆಪಟ್ಟಿದ್ದಾನೆ. ಅಂಥ ನೆಲದಲ್ಲಿ ನಿಂತು ನಾವು ವಿಧಿಸಿದ ಕಟ್ಟಳೆಯೇನು? ಇಂಗ್ಲಿಷಿನ ತಾಸಿನಲ್ಲಿ ಕನ್ನಡವಾಡಿದವರು ಬಾಕಿನ ಮೇಲೆ ನಿಲ್ಲಬೇಕೆಂದು! ಒಂದು ದಿನ ಹುಡುಗಿಯೊಬ್ಬಳು ತಾಸೆಲ್ಲ ತಲೆ ತಗ್ಗಿಸಿ ಕುಳಿತಿದ್ದಳು. ಪ್ರಶ್ನೆಗೆ ಉತ್ತರವಿಲ್ಲ. ಉದ್ಧಟತನವೆಂದು ಬಗೆದು ಎಬ್ಬಿಸಿ ನಿಲ್ಲಿಸಿದೆವು, ನಿಂತವಳು ಕುಸಿದಳು. ಮೈ ಕೆಂಡವಾಗಿತ್ತು. “ಯಾಕವ್ವಾ, ಹೇಳಬಾರದಿತ್ತೇನು?” ಎಂದರೆ, “ಜ್ವರಕ್ಕ ಇಂಗ್ಲೀಷಿನ್ಯಾಗ ಏನಂತಾರಂತ ಗೊತ್ತಿದ್ದಿಲ್ರಿ ಸರ” ಎಂದಳು. ಮನೆಗೆ ಮುಟ್ಟಿಸಿದಾಗ ಅವಳ ತಾಯಿಯು ಮಾಸ್ತರರೇ ಬಂದರೆಂದು ನಮಗೆ ಉಪಕಾರಸ್ಮರಣೆ ಮಾಡಿದಳು. ನಿಜವನ್ನು ಹೇಳುವ ಧೈರ್ಯ ನಮಗಾಗಲಿಲ್ಲ. ಮರುದಿನ ಕಟ್ಟಳೆಯನ್ನು ತೆಗೆದೆವು. ಈ ಸಲ ಸೋಮೇಶ್ವರನ ಗುಡಿಯಲ್ಲಿ ಬಹಳ ಹೊತ್ತು ಕುಳಿತೆವು. ಶಿಲ್ಪವನ್ನು ನೋಡಿದೆವೆಂದು ಮಾತ್ರ ಹೇಳಲಾರೆವು.

ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವರು. ಹಿಂದೊಮ್ಮೆ ಅದರ ಬಾಗಿಲಲ್ಲಿ ಚಪ್ಪಲಿ ಕಾಯುತ್ತ ನಿಂತು ಆ ಹೆಸರನ್ನು ಬಿಡಿಸಿ ನೋಡಿದ್ದೆವು. ಫಕೀರ, ಅರಬ್ಬೀ, ಈಶ್ವರ, ಸಂಸ್ಕೃತ, ನಡುವೆ ಗುಣಸಂಧಿಯು ಕೂದಲೆಳೆಯಷ್ಟೂ ತಪ್ಪಿಲ್ಲ. ಅರಬ್ಬೀ ಶಬ್ದಕ್ಕೆ ಗುಣಸಂಧಿಯಾಗಬಹುದಾದರೆ ‘ಕಮ್’ಗೆ ‘ರೀ’ ಏಕೆ ಅಂಟಬಾರದು? ಅಂದಿನಿಂದ ತಿದ್ದುವುದನ್ನು ಬಿಟ್ಟೆವು. ಪರೀಕ್ಷೆಯ ಕಾಗದದಲ್ಲಿ ಮಾತ್ರ ಬರೆಯಬೇಡಿರೆಂದು ಮಕ್ಕಳನ್ನು ಬೇಡಿಕೊಂಡೆವು.

ಮುಂಡರಗಿಯಲ್ಲಿ ಹೆಚ್ಚು ನಿಲ್ಲಲಿಲ್ಲ. 1858ರಲ್ಲಿ ಇಂಗ್ಲಿಷರ ಮೇಲೆ ಬಂಡೆದ್ದ ಭೀಮರಾಯನ ಊರಿನಲ್ಲಿ ಇಂಗ್ಲಿಷು ಕಲಿಸಹೋದ ನಮ್ಮನ್ನು ಊರವರು ಅಂದು ಚಹಾ ಕೊಟ್ಟು ಕ್ಷಮಿಸಿದ್ದರು. ಸಂಜೆ ಗದಗಿನ ಬಸ್ಸಿಗೆ ನೂಕುನುಗ್ಗಲು. ಹಿಂದೆ ಸರಿದು ನಿಂತೆವು. ಕಂಡಕ್ಟರರು ಬಾಗಿಲಿನಿಂದ ನಮ್ಮನ್ನು ದಿಟ್ಟಿಸಿ, “ಸರ! ಕಮ್ ರೀ, ಕಮ್ ರೀ! ಸಿಟ್ ರೀ!” ಎಂದು ಕೂಗಿ ಮುಂದಿನ ಸೀಟು ಕೊಡಿಸಿದರು. ಯಾವ ವರ್ಷದ ವಿದ್ಯಾರ್ಥಿಯೋ ನೆನಪಾಗಲಿಲ್ಲ. ಟಿಕೀಟಿನ ಹಣವನ್ನು ಮಾತ್ರ ಅವರು ಬಿಡಲಿಲ್ಲ. ಚಿಲ್ಲರೆಯನ್ನು ಎಣಿಸಿ ಕೈಯಲ್ಲಿಟ್ಟು “ಥ್ಯಾಂಕ್ಯೂ ರೀ” ಎಂದರು.