ದೇಹದಾರ್ಢ್ಯವೂ ಮನೋದಾರ್ಢ್ಯವೂ

ಒಬ್ಬನನ್ನು ಕಂಡು ‘ಗಟ್ಟಿ ಆಸಾಮಿ’ ಎಂದು ಹೊಗಳುವಾಗಲೂ, ಇನ್ನೊಬ್ಬನನ್ನು ಕಂಡು ‘ಪಾಪ, ಅವನ ಮೈಕಟ್ಟೇ ಅಷ್ಟು’ ಎಂದು ಮರುಗುವಾಗಲೂ ಜನರ ಮನಸ್ಸಿನಲ್ಲಿರುವ ಭಾವನೆ ಒಂದೇ. ದಾರ್ಢ್ಯವೆಂಬುದು ತಾಯಿಯ ಗರ್ಭದಿಂದಲೇ ಕಟ್ಟಿಕೊಂಡು ಬರತಕ್ಕ ಬುತ್ತಿ. ಕೆಲವರಿಗೆ ಹೆಚ್ಚಾಗಿಯೂ ಕೆಲವರಿಗೆ ಕಡಮೆಯಾಗಿಯೂ ದೊರೆತಿರುತ್ತದೆ. ಇದ್ದಷ್ಟನ್ನು ಉಂಡು ಮುಗಿಸುವುದಲ್ಲದೆ ಬೇರೆ ಉಪಾಯವಿಲ್ಲ. ಈ ಭಾವನೆಯಲ್ಲಿ ಅರ್ಧ ಸತ್ಯವುಂಟು. ಅರ್ಧ ಸತ್ಯವಾದುದರಿಂದಲೇ ಅದು ಸೋಮಾರಿತನಕ್ಕೆ ಬಹಳ ಅನುಕೂಲವಾಗಿದೆ.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ೧೯೧೮ರ ಡಿಸೆಂಬರಿನಲ್ಲಿ, ಇನ್‌ಫ್ಲುಯೆಂಜಾ ಮಾರಿಯು ಮನೆಮನೆಯನ್ನೂ ಹೊಕ್ಕಿದ್ದ ಕಾಲದಲ್ಲಿ, ಹುಟ್ಟಿದ ಶಿಶುವೊಂದಕ್ಕೆ ಬುತ್ತಿಯೇ ಇರಲಿಲ್ಲವೆನ್ನಬೇಕು. ಮಲೇರಿಯಾ, ವಿಷಮಜ್ವರ, ಕ್ಷಯ ಇವು ಒಂದರ ಹಿಂದೊಂದು ಬಂದು ಆ ಹುಡುಗನನ್ನು ಹಣ್ಣುಮಾಡಿದುವು. ಕೈಕಾಲು ಕಡ್ಡಿ, ಹೊಟ್ಟೆ ಉಬ್ಬು. ೧೯೩೪ರಲ್ಲಿ ಅವನು ಮೈಸೂರಿಗೆ, ಅಕ್ಕನ ಗಂಡಂದಿರಾದ ಕೃಷ್ಣಮಾಚಾರ್ಯರ ಮನೆಗೆ, ಬಂದು ಸೇರಿದನು. ಭಾವನವರು ಜಗನ್ಮೋಹನ ಅರಮನೆಯ ಯೋಗಶಾಲೆಯ ಗುರುಗಳು. ಆ ಹುಡುಗನೇ ಮುಂದೆ ಬಿ.ಕೆ.ಎಸ್. ಅಯ್ಯಂಗಾರ್ ಎಂದು ಲೋಕಪ್ರಸಿದ್ಧರಾಗಿ, ೨೦೧೪ರಲ್ಲಿ ತೊಂಬತ್ತೈದು ವರ್ಷದವರಾಗಿ ತೀರಿಕೊಂಡವರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಗುರುಗಳ ಕಾಠಿಣ್ಯವನ್ನೇ ಬಣ್ಣಿಸುತ್ತಾರೆ. ಗುರುಗಳು ಕಠಿನರಾಗಿದ್ದುದು ನಿಜ. ಶಿಷ್ಯರೇ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆದರೆ ಗದರಿಕೆಯಿಂದಲೇ ಮೈ ಗಟ್ಟಿಯಾಗುವುದಾದರೆ ನಾಡಿನ ಮಕ್ಕಳೆಲ್ಲರೂ ಭೀಮಸೇನರಾಗಬೇಕಾಗಿತ್ತು! ೧೯೩೭ರಲ್ಲಿ ಆ ತರುಣನು ಪುಣೆಗೆ ಹೋದಾಗ ಬೈಯತಕ್ಕ ಗುರುಗಳು ಬಳಿಯಲ್ಲಿರಲಿಲ್ಲ, ಮರಾಠಿ ಬಾರದು, ಪಾಠ ಹೇಳಿಸಿಕೊಳ್ಳುವ ಶಿಷ್ಯರು ತನಗಿಂತ ಪುಷ್ಟರು, ಕೈಯಲ್ಲಿ ಕಾಸಿಲ್ಲ. ನೋಡುವವರಿಲ್ಲದ ಕೋಣೆಯಲ್ಲಿ ಪ್ರತಿದಿನವೂ ಗಂಟೆಗಟ್ಟಲೆ ನಡೆದ ಅಭ್ಯಾಸವೇ ಆ ಕಡ್ಡಿಯಂತಹ ದೇಹವನ್ನು ಕಟ್ಟಿತೆಂದು ಹೇಳುವುದು ಹೆಚ್ಚು ನ್ಯಾಯ.

ದೇಹವು ಎಷ್ಟು ಬೇಗ ಕೆಡಬಲ್ಲುದು, ಎಷ್ಟು ತಡವಾಗಿಯಾದರೂ ತಿದ್ದಿಕೊಳ್ಳಬಲ್ಲುದು ಎಂಬುದಕ್ಕೆ ಅಮೆರಿಕದ ಡಾಲಸ್ ನಗರದಲ್ಲಿ ನಡೆದ ಪರೀಕ್ಷೆಯೊಂದು ಒಳ್ಳೆಯ ಸಾಕ್ಷಿ. ೧೯೬೬ರಲ್ಲಿ ಅಲ್ಲಿಯ ವೈದ್ಯರು ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ತರುಣರನ್ನು ಇಪ್ಪತ್ತು ದಿವಸ ಹಾಸಿಗೆಯ ಮೇಲೆ ಮಲಗಿಸಿಟ್ಟರು. ರೋಗವಿಲ್ಲ, ಉಪವಾಸವಿಲ್ಲ, ಚಿಂತೆಯಿಲ್ಲ. ಅನೇಕರು ಹಂಬಲಿಸುವ ಸುಖವೇ ಸರಿ. ಇಪ್ಪತ್ತು ದಿವಸ ಕಳೆದು ಅಳೆದು ನೋಡಿದರೆ, ಕಠಿನ ಶ್ರಮದಲ್ಲಿ ಪ್ರಾಣವಾಯುವನ್ನು ಬಳಸಿಕೊಳ್ಳುವ ಅವರ ಶಕ್ತಿಯಲ್ಲಿ ಕಾಲುಭಾಗಕ್ಕೂ ಮಿಗಿಲಾಗಿ ಇಳಿದುಹೋಗಿತ್ತು. ಮೂವತ್ತು ವರ್ಷಗಳ ಮೇಲೆ, ೧೯೯೬ರಲ್ಲಿ, ಅದೇ ಐವರನ್ನು ಮತ್ತೆ ಕರೆಯಿಸಿದರು. ಈಗ ಅವರಿಗೆ ಐವತ್ತು ವಯಸ್ಸು; ಮೈ ಬೆಳೆದಿತ್ತು. ಆದರೂ ಮೂವತ್ತು ವರ್ಷಗಳ ಮುಪ್ಪು ಅವರಿಂದ ಕಸಿದುಕೊಂಡ ಶಕ್ತಿಯು ಆ ಮೂರು ವಾರದ ಹಾಸಿಗೆ ಕಸಿದುಕೊಂಡುದಕ್ಕಿಂತ ಕಡಮೆಯಾಗಿತ್ತು. ಆರು ತಿಂಗಳ ಕಾಲ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿಕೊಂಡುಹೋದ ನಡಿಗೆ, ಓಟ, ಸೈಕಲ್ ಸವಾರಿಗಳಿಂದ ಅವರ ಶಕ್ತಿಯು ಹೆಚ್ಚುಕಡಮೆ ಇಪ್ಪತ್ತರ ಹರೆಯದ ಮಟ್ಟಕ್ಕೆ ಹಿಂದಿರುಗಿತು. ವೃದ್ಧಾಪ್ಯದ ಮೇಲೆ ಹೊರಿಸುವ ಅಪವಾದಗಳಲ್ಲಿ ಎಷ್ಟೋ ಪಾಲು ಆರಾಮಕುರ್ಚಿಯ ಮೇಲೆ ಹೊರಿಸತಕ್ಕವು.

ಇದಕ್ಕೆ ವ್ಯಾಯಾಮಶಾಲೆಯೇ ಬೇಕೆಂದೇನೂ ಇಲ್ಲ. ೧೯೫೩ರಲ್ಲಿ ಲಂಡನ್ನಿನ ಮಾರಿಸ್ ಎಂಬ ವೈದ್ಯರು ಅಲ್ಲಿಯ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತು ಪ್ರಕಟಿಸಿದ ಲೇಖನ ಪ್ರಸಿದ್ಧವಾಗಿದೆ. ದಿನವೆಲ್ಲ ಕುಳಿತಿರುವ ಡ್ರೈವರಿಗಿಂತ, ಟಿಕೆಟ್ಟಿಗಾಗಿ ನೂರಾರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರಿಗೆ ಹೃದ್ರೋಗ ಕಡಮೆ ಎಂಬುದು ಅದರ ಸಾರ. ಮುಂದೆ ೧೯೫೬ರಲ್ಲಿ ಅವರೂ ಅವರ ಜೊತೆಗಾರರೂ ನೌಕರರ ಸಮವಸ್ತ್ರದ ಷರಾಯಿಗಳ ಅಳತೆಯನ್ನು ತೆಗೆದು ನೋಡಿದರು. ಡ್ರೈವರುಗಳ ನಡು ಚಿಕ್ಕ ವಯಸ್ಸಿನಿಂದಲೇ ಕೊಂಚ ದಪ್ಪ! ಹುಟ್ಟಿನದೂ ಅಲ್ಪಸ್ವಲ್ಪ ಪಾಲಿರಬಹುದೆಂಬುದನ್ನು ತಮ್ಮ ಸಿದ್ಧಾಂತಕ್ಕೆ ಪ್ರತಿಕೂಲವಾದರೂ ಅಚ್ಚುಹಾಕಿಸಿದ ಆ ಪ್ರಾಮಾಣಿಕತೆ ಕೂಡ ಮನೋದಾರ್ಢ್ಯದ ಒಂದು ಬಗೆ.

ಓದುಬಲ್ಲವರ ಮನೆಗಳಲ್ಲಿ ಒಂದು ವಿನೋದವನ್ನು ಕಾಣಬಹುದು. ಯಜಮಾನರು ಮುಂಜಾನೆ ನಡುಮನೆಯಲ್ಲಿ ಲೆಕ್ಕವಿಟ್ಟು ಐವತ್ತು ಬಸ್ಕಿ ಹೊಡೆದು, ಬೆವರನ್ನು ಎಲ್ಲರಿಗೂ ಕಾಣುವಂತೆ ಒರಸಿಕೊಂಡು, ಕಾಫಿಗಾಗಿ ಕೂಗುತ್ತಾರೆ. ಅವರಿಗಿಂತ ಒಂದು ಗಂಟೆ ಮೊದಲೆದ್ದು ಅಂಗಳ ಗುಡಿಸಿ, ನೀರು ತುಂಬಿ, ಒಲೆಯ ಮುಂದೆ ನಿಂತವರ ದಾರ್ಢ್ಯವನ್ನು ಲೆಕ್ಕವಿಟ್ಟವರಿಲ್ಲ. ಹಾಗೆಂದು ಬೀಸುವ ಕಲ್ಲನ್ನೂ ಬಾವಿಯ ಹಗ್ಗವನ್ನೂ ಮರಳಿ ಹೆಂಗಸರ ಕೈಗೆ ಕೊಡಬೇಕೆಂದು ಉಪದೇಶಿಸುವ ಗಂಡಸರ ಮಾತಿಗೆ ಕಿವಿಗೊಡಬೇಕಾಗಿಲ್ಲ. ಆ ಹಗ್ಗವನ್ನು ಅವರೇ ಮೊದಲು ಒಂದು ವರ್ಷ ಸೇದಿ ನೋಡಲಿ.

ಮನಸ್ಸಿನ ವಿಷಯ ಇನ್ನೂ ಸೂಕ್ಷ್ಮ. ಸ್ನಾಯುವಿನ ದೌರ್ಬಲ್ಯವು ಮರುದಿನದ ನೋವಾಗಿ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಮನಸ್ಸಿನ ದೌರ್ಬಲ್ಯವು ನೆಪದ ವೇಷದಲ್ಲಿ ಬರುತ್ತದೆ. ಇಂದು ಮೋಡ, ನಾಳೆ ನೆಂಟರು, ಸೋಮವಾರದಿಂದ ಖಂಡಿತ. ಇದಕ್ಕೆ ದೊಡ್ಡ ವ್ರತಗಳಿಂದ ಉಪಯೋಗ ಅಲ್ಪ. ಬರೆಯಲು ಬೇಸರವಾದ ಕಾಗದವನ್ನು ಬೆಳಗ್ಗೆಯೇ ಬರೆದುಬಿಡುವುದು, ಕೆಣಕಿದವನಿಗೆ ಕೊಡಬೇಕೆಂದಿದ್ದ ಉತ್ತರವನ್ನು ಊಟವಾಗುವವರೆಗೆ ತಡೆದಿಡುವುದು, ಹತ್ತಿರದ ಅಂಗಡಿಗೆ ವಾಹನವಿಲ್ಲದೆ ಹೋಗುವುದು ಇಂಥ ಚಿಲ್ಲರೆ ಕೆಲಸಗಳೇ ಮನಸ್ಸಿಗೆ ಸಾಮು. ಇವುಗಳ ಫಲವು ಕಾಣಿಸಿಕೊಳ್ಳುವುದು, ಹಿರಿಯರೊಬ್ಬರು ಹಾಸಿಗೆ ಹಿಡಿದು ರಾತ್ರಿಯೆಲ್ಲ ಎದ್ದಿರಬೇಕಾದಾಗ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ವೈದ್ಯರ ಮಾತಿಗಾಗಿ ಕಾಯಬೇಕಾದಾಗ. ಮನೆಯಲ್ಲಿ ಅಂತಹ ಒಬ್ಬರಿದ್ದರೆ ಉಳಿದವರು ಕಣ್ಣುಮುಚ್ಚಬಹುದು.

ಆದರೆ ನೋವನ್ನು ಬಾಯಿಬಿಟ್ಟು ಹೇಳದಿರುವುದೇ ದಾರ್ಢ್ಯವೆಂದು ತಿಳಿದವರ ಗತಿ ಬೇರೆ. ಎದೆನೋವನ್ನು ‘ವಾಯು’ ಎಂದು ನುಂಗಿಕೊಂಡು ಹೊತ್ತು ಕಳೆದವರನ್ನು ಯಾವ ಊರು ಕಂಡಿಲ್ಲ? ತಿಂಗಳುಗಟ್ಟಲೆ ನಿದ್ರೆಗೆಟ್ಟು, ಅನ್ನ ಬೇಡವಾಗಿ, ಮಾತು ನಿಂತ ಮಗಳಿಗೆ ‘ಮನಸ್ಸು ಗಟ್ಟಿಮಾಡಿಕೋ’ ಎಂದು ಹೇಳುವ ತಂದೆತಾಯಿಗಳು, ಮುರಿದ ಕಾಲಿನವನಿಗೆ ಓಡಲು ಹೇಳುವವರಂತೆ. ಅದು ಕಾಯಿಲೆ, ಅದಕ್ಕೆ ವೈದ್ಯರುಂಟು, ಔಷಧವುಂಟು.

೨೦೧೨ರಲ್ಲಿ ಬ್ರೆಜಿಲ್ ದೇಶದ ವೈದ್ಯರು, ಐವತ್ತೊಂದರಿಂದ ಎಂಬತ್ತು ವಯಸ್ಸಿನ ಎರಡು ಸಾವಿರ ಜನ ನೆಲದ ಮೇಲೆ ಕುಳಿತು ಏಳುವ ರೀತಿಯನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು. ಕೈಯನ್ನೂ ಮೊಣಕಾಲನ್ನೂ ಊರದೆ ಏಳಬಲ್ಲವರಿಗಿಂತ, ಹಲವು ಆಸರೆಗಳಿಲ್ಲದೆ ಏಳಲಾರದವರಲ್ಲಿ ಮುಂದಿನ ಕೆಲವು ವರ್ಷಗಳ ಮರಣಗಳು ಬಹಳ ಹೆಚ್ಚಾಗಿದ್ದುವು. ನೆಲದ ಮೇಲೆ ಕುಳಿತ ಮಾತ್ರಕ್ಕೆ ಆಯುಸ್ಸು ಬೆಳೆಯುವುದೆಂದು ಇದರ ಅರ್ಥವಲ್ಲ. ಅದು ಒಂದು ಅಳತೆಗೋಲು, ಅಷ್ಟೆ. ಆದರೂ ಎಲೆ ಹಾಕಿ ಉಣ್ಣುತ್ತಿದ್ದ ಕಾಲದ ಅಜ್ಜಿಯು ದಿನಕ್ಕೆರಡು ಸಲ ಈ ಪರೀಕ್ಷೆಗೆ ಕುಳಿತು, ಎರಡು ಸಲವೂ ತೇರ್ಗಡೆಯಾಗಿ ಏಳುತ್ತಿದ್ದಳು. ಊಟದ ಮೇಜು ಬಂದ ಮನೆಗಳಲ್ಲಿ ಮಣೆಗಳು ಅಟ್ಟ ಸೇರಿವೆ. ಹಬ್ಬದ ದಿನ ಅವನ್ನು ಇಳಿಸಿ ಪಂಕ್ತಿ ಹಾಕಿದಾಗ, ಹಸ್ತೋದಕವಾದ ಮೇಲೆ, ಐವತ್ತು ದಾಟದ ಅಳಿಯಂದಿರು ಎದ್ದುನಿಲ್ಲಲು ಗೋಡೆಯನ್ನು ಹುಡುಕುತ್ತಾರೆ. ಎಂಬತ್ತರ ಅಜ್ಜಿಯು ಸೆರಗು ಸರಿಪಡಿಸಿಕೊಂಡು, ನೀಡಿದ ಕೈಯನ್ನು ಪಕ್ಕಕ್ಕೆ ಸರಿಸಿ, ಬಚ್ಚಲ ಕಡೆಗೆ ನಡೆದಿರುತ್ತಾಳೆ.