ಗುಡ್ಡದ ದಾರಿ, ತಾಂಡಾದ ದಾರಿ

ಆದಿತ್ಯನಗರದ ಹೆಸರು ಕೇಳದವರೂ ಅಲ್ಲಿಯ ಸಿಮೆಂಟಿನ ಮೇಲೆ ನಡೆದಿದ್ದಾರು. ಸೇಡಂ ತಾಲ್ಲೂಕಿನ ಮಳಖೇಡದ ಮಗ್ಗುಲಿಗೆ, ಕಾರ್ಖಾನೆಯ ಸಲುವಾಗಿಯೇ ಎದ್ದ ಕಾಲೋನಿ ಅದು. ಸೇಡಂ, ವಾಡಿ, ಶಹಾಬಾದ ಸೀಮೆಯ ನೆಲದಡಿಯೆಲ್ಲ ಸುಣ್ಣದಕಲ್ಲು. ಅದನ್ನು ಒಡೆದು, ಅರೆದು, ಸುಮಾರು 1450 ಡಿಗ್ರಿ ಬೆಂಕಿಯಲ್ಲಿ ಸುಟ್ಟು, ಚೀಲ ತುಂಬಿ ದೂರದ ಶಹರಗಳಿಗೆ ಕಳಿಸುತ್ತಾರೆ. ಅಲ್ಲಿ ಅದು ಮೇಲ್ಸೇತುವೆಯಾಗುತ್ತದೆ, ಬಂಗಲೆಯಾಗುತ್ತದೆ. ಕಲ್ಲು ತೆಗೆದ ಕುಣಿ ಇಲ್ಲೇ ಉಳಿಯುತ್ತದೆ.

ಈ ಸಿಮೆಂಟಿನ ನಾಡಿನಿಂದ ಗೆಳೆಯನ ಹಳೇ ಜೀಪಿನಲ್ಲಿ ಸೇಡಂ ದಾಟಿ, ಚಿಂಚೋಳಿ ದಾಟಿ, ಚಂದ್ರಂಪಳ್ಳಿ ಕಡೆಯ ಗುಡ್ಡ ನೋಡಲು ಹೋಗಿದ್ದೆವು. ಡಾಂಬರು ಮುಗಿದಲ್ಲಿ ಕೆಂಪು ಮೊರಂ ಶುರು. ನಡುವೆ ಮಳೆ ಕೊರೆದ ಕೊರಕಲು, ಎದ್ದು ನಿಂತ ಕಲ್ಲು. ಗೆಳೆಯ ಒಂದನೇ ಗೇರಿಗೆ ಹಾಕಿದವನು ಬಿಡಲೇ ಇಲ್ಲ. "ಏರುವಾಗ ನಡುವ ಗೇರ್ ಬದಲಿಸಬಾರದು, ಇಳಿಯುವಾಗ ನ್ಯೂಟ್ರಲ್ ಮಾಡಬಾರದು. ಬರೇ ಬ್ರೇಕ್ ನೆಚ್ಚಿದ್ರ ಅದು ಕಾಯ್ದು ಕೈ ಕೊಡ್ತದ" ಅಂದ.

ಮೇಲೆ ನಿಂತರೆ ಕಾಡಿನ ನಡುವೆ ಜಲಾಶಯದ ನೀರು. ಬಿಸಿಲಿಗೆ ಹೆಸರಾದ ಜಿಲ್ಲೆಯಲ್ಲಿ ಇಷ್ಟು ಹಸಿರು! 2011ರಲ್ಲಿ ಇಲ್ಲಿಯ ಸುಮಾರು 135 ಚದರ ಕಿಲೋಮೀಟರ್ ಕಾಡು ವನ್ಯಜೀವಿಧಾಮವಾಯಿತು. ಚಂದ ಇರುವುದನ್ನು ಚಂದವಿಲ್ಲ ಅನ್ನಲಾಗದು.

ಇಳಿಯುವಾಗ ಹಿಟ್ಟಿನ ಚೀಲ ಹೊತ್ತ ಲಂಬಾಣಿ ಮುದುಕಿ ಎದುರಾದಳು.

"ಯಾಡಿ, ಮ್ಯಾಲ ಭಾಳ ಚಂದ ಅದ" ಅಂದ ಗೆಳೆಯ.

"ಚಂದ ಅದ ತಮ್ಮಾ. ಮಳಿಗಾಲದಾಗ ಬಸುರಿ ಹೆಣಮಗಳನ್ನ ಹೊರಸಿನ ಮ್ಯಾಲ ಹೊತ್ತು ಇಳಿಸೋ ಮುಂದ ಯಾರೂ ಅತ್ತಾಗ ನೋಡಂಗಿಲ್ಲ."

ಒಂದೇ ಮೊರಂ ದಾರಿ. ಒಂದು ದಿನ ಬರುವವರಿಗೆ ಮೋಜು. ದಿನಾ ನಡೆಯುವವರಿಗೆ ದವಾಖಾನೆ, ಸಾಲಿ, ಸಂತೆ ಎಷ್ಟು ದೂರ ಎಂಬುದರ ಅಳತೆ.

2023ರ ಜನವರಿ 19ರಂದು ಇದೇ ಮಳಖೇಡದಲ್ಲಿ ಪ್ರಧಾನಮಂತ್ರಿಗಳು 5 ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚುವುದಕ್ಕೆ ಚಾಲನೆ ಕೊಟ್ಟರು. ನಿನ್ನ ಮನೆಯ ಜಾಗ ನಿನ್ನದು ಎಂಬ ಒಂದು ಕಾಗದಕ್ಕೆ ಸ್ವಾತಂತ್ರ್ಯ ಬಂದ ಮೇಲೂ 75 ವರ್ಷ ಕಾಯಬೇಕಾಯಿತು. ಕಾಗದ ಬಂತು, ಸರಿ. ಆ ಮನೆಗೆ ದಾರಿ?

ಕೇಳಿದರೆ "ಅದು ಕಾಡು, ರಸ್ತೆ ಮಾಡಾಕ ಬರಂಗಿಲ್ಲ" ಎನ್ನುವವರಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ಬೇರೆಯೇ ಹೇಳುತ್ತದೆ. ಕಾಡಿನ ಜನರ ಶಾಲೆ, ದವಾಖಾನೆ, ಕುಡಿಯುವ ನೀರು, ರಸ್ತೆಗೆ ಸರ್ಕಾರ ಅರಣ್ಯಭೂಮಿ ಕೊಡಬಹುದು. ಪ್ರತಿ ಕೆಲಸಕ್ಕೆ 1 ಹೆಕ್ಟೇರಿಗಿಂತ ಕಡಿಮೆ ಭೂಮಿ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗ್ರಾಮಸಭೆಯ ಶಿಫಾರಸು ಬೇಕು.

ಗುಡ್ಡದ ತುದಿಗೆ ಡಾಂಬರು ಬೇಡ. ಆ ಮೊರಂ ಹಾಗೇ ಇರಲಿ, ಕಾಡು ಕಾಡಾಗಿರಲಿ, ನೋಡಬೇಕಾದವರು ನಡೆದು ಏರಲಿ. ತಾಂಡಾದ ದಾರಿ ಮೊದಲು ಆಗಲಿ. ಈ ಪುಟ ಓದುವ ತಾಂಡಾ ಸಾಲಿಯ ಮಾಸ್ತರರೆ, ಮುಂದಿನ ಗ್ರಾಮಸಭೆಯ ತಾರೀಖು ಕೇಳಿರಿ. ಆ ಮುದುಕಿಯನ್ನು ಮುಂದೆ ಕೂಡಿಸಿ, ಆಕೆ ಹೇಳಿದ್ದನ್ನೇ ಠರಾವು ಪುಸ್ತಕದಲ್ಲಿ ಬರೆಸಿರಿ.